ಭಾರವಿಲ್ಲದ ಮೈಗೆ ಬಿಸಿ ಏರುವುದೇಕೆ?

ಏಪ್ರಿಲ್ ಬಂತೆಂದರೆ ಯಾದಗಿರಿ ಜಿಲ್ಲೆಯ ಗುರುಮಠಕಲ್‌ನ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಕೆಲಸ ಮುಗಿಸುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಗೆ, ಬೇಸಿಗೆಯ ಎರಡು ತಿಂಗಳ ಮಟ್ಟಿಗೆ ಸರ್ಕಾರ ಹೊರಡಿಸುತ್ತ ಬಂದಿರುವ ಆದೇಶವಿದು. ಪಾದರಸ 42 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನದ ಹೊತ್ತು ಮನುಷ್ಯನ ಮೈ ಕೆಲಸಕ್ಕೆ ಒಗ್ಗುವುದಿಲ್ಲ ಎಂಬುದನ್ನು ಸರ್ಕಾರವೂ ಒಪ್ಪಿಕೊಂಡಿದೆ. "ಬಿಸಲಾಗ ತಿರಗಬ್ಯಾಡೋ ಯಪ್ಪಾ, ಮಜ್ಜಿಗಿ ಕುಡದು ಒಂದೀಟು ಅಡ್ಡಾಗು" ಎಂದು ಇಲ್ಲಿನ ಅಜ್ಜಿಯರು ಹೇಳುವುದೂ ಇದನ್ನೇ.

ಈ ಸೀಮೆಯ ಹಳೆಯ ಮಾಳಿಗೆ ಮನೆಯೊಳಗೆ ಕಾಲಿಟ್ಟರೆ ಸೆಕೆಯ ವಿರುದ್ಧ ಜನ ಕಂಡುಕೊಂಡ ಮೂರು ಉಪಾಯಗಳು ಒಂದೇ ನೋಟಕ್ಕೆ ಸಿಗುತ್ತವೆ. ಕೆಳಗೆ ಶಹಾಬಾದ್ ಕಲ್ಲಿನ ನೆಲ; ಬರಿ ಮೈಯಲ್ಲಿ ಮಲಗಿದರೆ ಮೈಯ ಬಿಸಿಯನ್ನು ಕಲ್ಲು ಹೀರಿಕೊಳ್ಳುತ್ತದೆ. ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿ. ಅದರ ಮೈಯಿಂದ ಜಿನುಗಿದ ನೀರು ಆರುತ್ತ ಆರುತ್ತ ಒಳಗಿನ ನೀರನ್ನು ತಂಪು ಮಾಡುತ್ತದೆ. ಮೇಲೆ, ಮಣ್ಣಿನ ಮಾಳಿಗೆಯ ನಡುವೆ, ಬೆಳಕಿಂಡಿ. ಬೆಳಕು ಬರಲೆಂದು ಬಿಟ್ಟ ಆ ಕಿಂಡಿಯಿಂದಲೇ ಒಲೆಯ ಹೊಗೆಯೂ ಮನೆಯ ಬಿಸಿಗಾಳಿಯೂ ಹೊರಬೀಳುತ್ತವೆ.

ಮನುಷ್ಯನ ದೇಹವೂ ಇದೇ ಮೂರು ಉಪಾಯಗಳನ್ನು ಬಳಸುತ್ತದೆ. ತಾಗಿದ ವಸ್ತುವಿಗೆ ಬಿಸಿ ದಾಟಿಸುತ್ತದೆ, ಬೆವರು ಆರಿಸಿ ತಂಪಾಗುತ್ತದೆ, ಮೈಸುತ್ತಲಿನ ಗಾಳಿಗೆ ಬಿಸಿ ಬಿಟ್ಟುಕೊಡುತ್ತದೆ. ಇವುಗಳ ಜೊತೆಗೆ ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲೂ ಶಾಖ ಹೊರಹೋಗುತ್ತದೆ. ಸುಮ್ಮನೆ ಕುಳಿತ ವಯಸ್ಕನೊಬ್ಬನ ದೇಹ ಸುಮಾರು 100 ವ್ಯಾಟ್ ಶಾಖ ಹೊಮ್ಮಿಸುತ್ತಿರುತ್ತದೆ. ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಇಷ್ಟು ಶಾಖ ಹಗಲಿರುಳೂ ಹೊರಹೋಗುತ್ತಲೇ ಇದ್ದರೆ ಮಾತ್ರ ಒಳಗಿನ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ.

ಈ ಏರ್ಪಾಡಿನಲ್ಲಿ ಹೆಸರಿಲ್ಲದ ಪಾಲುದಾರನೊಬ್ಬನಿದ್ದಾನೆ. ಅದು ಭೂಮಿಯ ಸೆಳೆತ, ಗುರುತ್ವ.

ಬೆಳಕಿಂಡಿಯಿಂದ ಬಿಸಿಗಾಳಿ ಮೇಲೇಕೆ ಹೋಗುತ್ತದೆ? ಬಿಸಿಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಭಾರವಾದದ್ದನ್ನು ಭೂಮಿ ಹೆಚ್ಚು ಬಲವಾಗಿ ಸೆಳೆಯುವುದರಿಂದ ತಣ್ಣನೆಯ ಗಾಳಿ ಕೆಳಗಿಳಿದು ಬಿಸಿಗಾಳಿಯನ್ನು ಮೇಲಕ್ಕೆ ನೂಕುತ್ತದೆ. ನಮ್ಮ ಮೈಗೆ ಅಂಟಿದ ಗಾಳಿಯ ತೆಳುಪದರದಲ್ಲೂ ಇದೇ ನಡೆಯುತ್ತದೆ. ಚರ್ಮದಿಂದ ಬಿಸಿಯಾದ ಗಾಳಿ ಕಾಲಿನಿಂದ ತಲೆಯ ಕಡೆಗೆ ಏರಿ ಹೋಗುತ್ತದೆ, ಆ ಜಾಗಕ್ಕೆ ಹೊಸ ಗಾಳಿ ಬರುತ್ತದೆ. ಸೆಳೆತವೇ ಇಲ್ಲದಂತಾದರೆ ಮೇಲು–ಕೆಳಗು ಎಂಬುದೂ ಇಲ್ಲ; ಬಿಸಿಗಾಳಿಗೆ ಹೋಗಲು ದಿಕ್ಕಿಲ್ಲ.

ಬಾಹ್ಯಾಕಾಶದಲ್ಲಿ ಹಚ್ಚಿದ ಮೇಣದಬತ್ತಿ ಇದನ್ನು ಕಣ್ಣಿಗೆ ತೋರಿಸಿಕೊಟ್ಟಿದೆ. 1992ರಲ್ಲಿ ಅಮೆರಿಕದ ಗಗನನೌಕೆಯಲ್ಲಿ ವಿಜ್ಞಾನಿಗಳು ಮೇಣದಬತ್ತಿ ಉರಿಸಿ ನೋಡಿದರು. ಅಲ್ಲಿ ಅದರ ಜ್ವಾಲೆ ನಮ್ಮ ದೀಪದ ಕುಡಿಯಂತೆ ಚೂಪಾಗಿ ಮೇಲೇಳಲಿಲ್ಲ. ನೀಲಿ ಬಣ್ಣದ ಸಣ್ಣ ಗುಂಡಿನಂತೆ ಬತ್ತಿಯನ್ನು ಸುತ್ತಿಕೊಂಡು ನಿಂತಿತು. ಬಾಹ್ಯಾಕಾಶಯಾನಿಯ ಮೈಯ ಬಿಸಿಯ ಪಾಡೂ ಅದೇ. ಅಲ್ಲಲ್ಲಿ ಫ್ಯಾನು ತಿರುಗದಿದ್ದರೆ ಆ ಬಿಸಿ ಕಂಬಳಿಯಂತೆ ಮೈಯನ್ನೇ ಸುತ್ತಿಕೊಂಡಿರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಸೆಳೆತ ಇಲ್ಲದಿಲ್ಲ; ನೆಲದ ಮೇಲಿರುವುದರ ಸುಮಾರು ಶೇ 90ರಷ್ಟು ಅಲ್ಲಿಯೂ ಇದೆ. ಆದರೆ ನಿಲ್ದಾಣ, ಅದರೊಳಗಿನ ಜನ, ಗಾಳಿ, ನೀರು ಎಲ್ಲವೂ ಒಟ್ಟೊಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಯಾವುದಕ್ಕೂ ಭಾರ ಅನಿಸುವುದಿಲ್ಲ. ಹಗ್ಗ ಹರಿದ ಬಿಂದಿಗೆ ಬಾವಿಗೆ ಬೀಳುವಾಗ ಅದರೊಳಗಿನ ನೀರು ತಳವನ್ನು ಒತ್ತುವುದಿಲ್ಲವಲ್ಲ, ಹಾಗೆ.

ಅಲ್ಲಿ ಬೆವರೂ ಬೇರೆ ರೀತಿ ನಡೆದುಕೊಳ್ಳುತ್ತದೆ. ಹೊಲದಲ್ಲಿ ಎಡೆ ಹೊಡೆಯುವವನ ಹಣೆಯ ಬೆವರು ಹುಬ್ಬು ದಾಟಿ ಕೆನ್ನೆಯ ಮೇಲಿಳಿದು ತೊಟ್ಟಿಕ್ಕುತ್ತದೆ. ನಿಲ್ದಾಣದಲ್ಲಿ ತೊಟ್ಟಿಕ್ಕುವುದಿಲ್ಲ. ಹುಟ್ಟಿದ ಜಾಗದಲ್ಲೇ ಅಂಟಿಕೊಂಡು, ಒಂದಕ್ಕೊಂದು ಕೂಡಿ, ಚರ್ಮದ ಮೇಲೆ ನೀರಿನ ಪದರವಾಗಿ ನಿಲ್ಲುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಆದರೆ ಆರಬೇಕು. ಒದ್ದೆ ಗಾಳಿ ಮೈಸುತ್ತ ಅಲುಗದೆ ನಿಂತರೆ ಬೆವರು ಆರುವುದು ನಿಧಾನವಾಗುತ್ತದೆ. ಹೀಗಾಗಿ ವ್ಯಾಯಾಮ ಮಾಡುವ ಯಾನಿ ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತಲೇ ಇರಬೇಕು. ಒರೆಸಿದ ಬೆವರು ಮೈಯಿಂದ ಹೋಯಿತೇ ಹೊರತು ಆರಿ ತಂಪು ಕೊಡಲಿಲ್ಲ.

ರಕ್ತದ ಹಂಚಿಕೆಯೂ ಏರುಪೇರಾಗುತ್ತದೆ. ನೆಲದ ಮೇಲೆ ನಿಂತವನ ಕಾಲಿನ ಕಡೆಗೆ ಇಳಿದಿರುತ್ತಿದ್ದ ರಕ್ತ ಮತ್ತು ನೀರಿನಂಶ ಅಲ್ಲಿ ಎದೆ ಮತ್ತು ತಲೆಯ ಕಡೆಗೆ ಸರಿಯುತ್ತದೆ. ಮುಖ ಊದಿಕೊಳ್ಳುತ್ತದೆ, ಕಾಲುಗಳು ಸಣ್ಣಗಾಗುತ್ತವೆ. ನೀರು ಹೆಚ್ಚಾಗಿದೆ ಎಂದು ತಿಳಿದ ದೇಹ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಒಳಗಿನ ಬಿಸಿಯನ್ನು ಚರ್ಮಕ್ಕೆ ಹೊತ್ತು ತರುವುದು ರಕ್ತವೇ. ಹೊರುವವರು ಕಡಿಮೆಯಾದರೆ ಮೂಟೆ ಒಳಗೇ ಉಳಿಯುತ್ತದೆ.

ಇದೆಲ್ಲದರ ಒಟ್ಟು ಪರಿಣಾಮ ಎಷ್ಟು ಎಂಬುದನ್ನು ಅಳೆದು ತೋರಿಸಿದ್ದು ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಹಾನ್ಸ್ ಕ್ರಿಶ್ಚಿಯನ್ ಗುಂಗಾ ಮತ್ತು ಅಲೆಕ್ಸಾಂಡರ್ ಸ್ಟಾನ್ ಅವರ ತಂಡ. ಹಣೆಗೆ ಅಂಟಿಸುವ ಒಂದು ಸಂವೇದಕದಿಂದ 11 ಯಾನಿಗಳ ಒಳಮೈ ಉಷ್ಣತೆಯನ್ನು ಅವರು ಹಾರುವ ಮುನ್ನ, ನಿಲ್ದಾಣದಲ್ಲಿದ್ದಾಗ ಮತ್ತು ಮರಳಿದ ಮೇಲೆ ದಾಖಲಿಸಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯಾನಿಗಳು ವಿಶ್ರಾಂತಿಯಲ್ಲಿದ್ದಾಗಲೂ ಅವರ ಉಷ್ಣತೆ ದಿನೇ ದಿನೇ ಏರುತ್ತ ಹೋಗಿ, ಎರಡೂವರೆ ತಿಂಗಳ ಹೊತ್ತಿಗೆ ಸುಮಾರು 1 ಡಿಗ್ರಿ ಹೆಚ್ಚಾಗಿ ನಿಂತಿತ್ತು. ವ್ಯಾಯಾಮದ ವೇಳೆ ನೆಲದ ಮೇಲೆ ಏರುವುದಕ್ಕಿಂತ ಬೇಗ ಮತ್ತು ಹೆಚ್ಚು ಏರಿತು. ಕೆಲವೊಮ್ಮೆ 40 ಡಿಗ್ರಿಯನ್ನೂ ದಾಟಿತು. ಭೂಮಿಗೆ ಬಂದ ಮೇಲೆ ಮತ್ತೆ ಇಳಿಯಿತು. ಜ್ವರ ತರುವ ಸೋಂಕು ಯಾವುದೂ ಇರಲಿಲ್ಲ. ಬಿಸಿ ಹೊರಹೋಗದಿರುವುದು ಒಂದು ಕಾರಣವಾದರೆ, ದೇಹದೊಳಗಿನ ಸಣ್ಣ ಪ್ರಮಾಣದ ಉರಿಯೂತವೂ ಕಾರಣವಿರಬಹುದು ಎಂದು ಆ ತಂಡ ಅಭಿಪ್ರಾಯಪಟ್ಟಿತು. ಉರಿಯೂತಕ್ಕೆ ಸಂಬಂಧಿಸಿದ ಒಂದು ಪ್ರೋಟೀನಿನ ಪ್ರಮಾಣವೂ ಯಾನಿಗಳ ರಕ್ತದಲ್ಲಿ ಏರಿತ್ತು. ಮೂಳೆ–ಸ್ನಾಯು ಸವೆಯದಿರಲೆಂದು ದಿನಕ್ಕೆ ಸುಮಾರು ಎರಡು ತಾಸು ಮಾಡಲೇಬೇಕಾದ ವ್ಯಾಯಾಮವೇ ಮೈಗೆ ಬಿಸಿಯ ಹೊರೆಯೂ ಆಗುತ್ತದೆ.

ಬಾಹ್ಯಾಕಾಶಕ್ಕೂ ಮೈಯ ಬಿಸಿಗೂ ಇರುವ ನಂಟು ಮೊದಲ ಹೆಜ್ಜೆಯಿಂದಲೇ ಜೀವದ ಪ್ರಶ್ನೆಯಾಗಿತ್ತು. 1957ರ ನವೆಂಬರ್ 3ರಂದು ಸ್ಪುಟ್ನಿಕ್–2ರಲ್ಲಿ ಹೊರಟ ಲೈಕಾ ಎಂಬ ನಾಯಿ ಭೂಮಿಯನ್ನು ಸುತ್ತಿದ ಮೊದಲ ಪ್ರಾಣಿ. ಅದು ಹಲವು ದಿನ ಬದುಕಿತ್ತೆಂದೇ ಜಗತ್ತು ನಂಬಿತ್ತು. ಹಾರಿದ ಕೆಲವೇ ತಾಸುಗಳಲ್ಲಿ ನೌಕೆಯ ಸೆಕೆ ತಾಳಲಾರದೆ ಅದು ಸತ್ತಿತ್ತು ಎಂಬುದನ್ನು ರಷ್ಯಾದ ವಿಜ್ಞಾನಿ ದಿಮಿತ್ರಿ ಮಲಾಶೆಂಕೊವ್ 2002ರಲ್ಲಿ ಬಹಿರಂಗಪಡಿಸಿದರು. ಅದನ್ನು ಕೊಂದದ್ದು ತಂಪು ಕಾಯುವ ಯಂತ್ರದ ವೈಫಲ್ಯ. 1966ರ ಜೂನ್‌ನಲ್ಲಿ ಜೆಮಿನಿ–9 ನೌಕೆಯಿಂದ ಹೊರಬಂದು ಎರಡು ತಾಸು ದುಡಿದ ಯೂಜೀನ್ ಸೆರ್ನನ್ ಅವರೂ ಬೆವರಿ ಬಸವಳಿದಿದ್ದರು. ಅವರ ಶಿರಸ್ತ್ರಾಣದ ಗಾಜಿಗೆ ಆವಿ ಕವಿದು ಮುಂದಿನದು ಕಾಣದಾಯಿತು, ನಾಡಿ ನಿಮಿಷಕ್ಕೆ 180ರ ಸಮೀಪಕ್ಕೆ ಏರಿತು. ಗಾಳಿ ಊದಿ ತಂಪು ಮಾಡುವ ಉಡುಪು ಸಾಲದು ಎಂದು ಅಂದು ಮನದಟ್ಟಾಯಿತು. ಇಂದು ಬಾಹ್ಯಾಕಾಶ ನಡಿಗೆಗೆ ಹೊರಡುವವರು ಒಳಗೆ ತೊಡುವ ಅಂಗಿಯಲ್ಲಿ ಸುಮಾರು 91 ಮೀಟರ್ ಉದ್ದದ ಸಣ್ಣ ಕೊಳವೆ ಹೆಣೆದಿರುತ್ತದೆ. ಅದರಲ್ಲಿ ತಣ್ಣೀರು ಹರಿಯುತ್ತ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ.

ಭಾರ ಕಡಿಮೆಯಾದರೆ ಹೀಗೆ. ಭಾರ ಹೆಚ್ಚಾದರೆ?

ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವರು ಕವಣೆ ತಿರುಗಿಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೀಸು ಹೆಚ್ಚಿದಷ್ಟೂ ಕಲ್ಲು ಕವಣೆಯ ಮಡಿಲನ್ನು ಬಲವಾಗಿ ಒತ್ತುತ್ತದೆ, ಕೈಗೆ ಅದರ ಭಾರ ಏರುತ್ತದೆ. ಇದೇ ತತ್ವದ ಮೇಲೆ ಉದ್ದನೆಯ ತೋಳಿನ ತುದಿಗೆ ಗೂಡು ಕಟ್ಟಿ ಗರಗರ ತಿರುಗಿಸುವ ಯಂತ್ರಕ್ಕೆ ಸೆಂಟ್ರಿಫ್ಯೂಜ್ ಎನ್ನುತ್ತಾರೆ. ಅದರಲ್ಲಿ 2 ಜಿ, ಅಂದರೆ ಭೂಮಿಯ ಸೆಳೆತದ ಎರಡು ಪಟ್ಟು ಬಲ ಬಂದಾಗ 60 ಕಿಲೋ ಮನುಷ್ಯನಿಗೆ ತಾನು 120 ಕಿಲೋ ಅನಿಸುತ್ತದೆ.

ಅಮೆರಿಕದ ನಾಸಾ ಏಮ್ಸ್ ಕೇಂದ್ರದಲ್ಲಿ ಜಿರೋ ಓಯಾಮಾ 1960ರ ದಶಕದಿಂದ ಇಂಥ ಯಂತ್ರದಲ್ಲಿ ಇಲಿಗಳನ್ನಿಟ್ಟು ಅಭ್ಯಾಸ ಮಾಡಿದರು. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಚಾರ್ಲ್ಸ್ ಫುಲ್ಲರ್ ಮತ್ತು ಸಂಗಡಿಗರು ಆ ಕೆಲಸ ಮುಂದುವರಿಸಿದರು. ಭಾರ ಹೆಚ್ಚಾದೊಡನೆ ಇಲಿಗಳ ಒಳಮೈ ಉಷ್ಣತೆ ತಾಸುಗಳೊಳಗೆ ಕುಸಿಯಿತು. ಹಗಲು–ರಾತ್ರಿಯ ಸಹಜ ಏರಿಳಿತವೂ ಮಂಕಾಯಿತು. ದಿನಗಳು ಕಳೆದಂತೆ ಮೈ ಹೊಸ ಭಾರಕ್ಕೆ ಹೊಂದಿಕೊಂಡು ಚೇತರಿಸಿಕೊಂಡಿತು. ಭಾರದ ಜೊತೆಗೆ ಚಳಿಯನ್ನೂ ಒಡ್ಡಿದಾಗ ಮಾತ್ರ ಇಲಿಗಳು ಸೋತವು. ಮಾಮೂಲಿ ಸೆಳೆತದಲ್ಲಿ ಆ ಚಳಿಯನ್ನು ತಡೆದುಕೊಳ್ಳುತ್ತಿದ್ದ ಪ್ರಾಣಿಗಳಿಗೆ ತಮ್ಮ ಬಿಸಿ ಕಾಯ್ದುಕೊಳ್ಳುವುದು ಈಗ ಆಗಲಿಲ್ಲ.

ತೂಕ ಹೆಚ್ಚಿದ್ದು ಮೈಗೆ. ಮಿದುಳಿನ ಉಷ್ಣತಾ ಕೇಂದ್ರಕ್ಕೆ ಅದು ಗೊತ್ತಾಗಿದ್ದು ಹೇಗೆ? ಉತ್ತರ ಕಿವಿಯೊಳಗಿತ್ತು. ಸಸ್ತನಿಗಳ ಒಳಗಿವಿಯಲ್ಲಿ ಸುಣ್ಣದ ಅಂಶದ ಅತಿ ಸಣ್ಣ ಹರಳುಗಳಿವೆ. ತಲೆ ಬಾಗಿದಾಗ, ಲಿಫ್ಟ್ ಮೇಲೇರಿದಾಗ, ಬಸ್ಸು ಗಕ್ಕನೆ ನಿಂತಾಗ ಈ ಹರಳುಗಳು ಜರುಗಿ ಕೆಳಗಿನ ಸಂವೇದನಾ ಕೋಶಗಳ ಕೂದಲೆಳೆಗಳನ್ನು ಬಾಗಿಸುತ್ತವೆ. ಭೂಮಿಯ ಸೆಳೆತವನ್ನು ತೂಗುವ ತಕ್ಕಡಿ ಅದು. ಹುಟ್ಟಿನಿಂದಲೇ ಈ ಹರಳುಗಳಿಲ್ಲದ ಒಂದು ತಳಿಯ ಸುಂಡಿಲಿಗಳನ್ನು ಫುಲ್ಲರ್ ಅವರ ತಂಡ 2 ಜಿ ಯಂತ್ರದಲ್ಲಿಟ್ಟು ತಿರುಗಿಸಿತು. ಮಾಮೂಲಿ ಸುಂಡಿಲಿಗಳ ಮೈ ತಣ್ಣಗಾಯಿತು. ಹರಳಿಲ್ಲದವುಗಳಲ್ಲಿ ಅಂಥ ಕುಸಿತ ಕಾಣಲಿಲ್ಲ. 2002ರಲ್ಲಿ ಪ್ರಕಟವಾದ ಈ ಫಲಿತಾಂಶ ಒಳಗಿವಿಗೂ ಹೈಪೋಥಲಾಮಸ್ ಎಂಬ ಮಿದುಳಿನ ಉಷ್ಣತಾ ಕೇಂದ್ರಕ್ಕೂ ನಂಟಿದೆ ಎಂಬುದನ್ನು ತೋರಿಸಿತು.

ಈ ನಂಟಿನ ಅನುಭವ ಗುರುಮಠಕಲ್‌ನಿಂದ ಹೈದರಾಬಾದಿಗೆ ದುಡಿಯಲು ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೂ ಆಗಿರುತ್ತದೆ. ತಲೆ ಸುತ್ತಿ ವಾಂತಿ ಬರುವ ಹೊತ್ತಿಗೆ ಹಣೆಯ ಮೇಲೆ ತಣ್ಣನೆಯ ಬೆವರೊಡೆಯುತ್ತದೆ. ಸೆಕೆಯಿಂದ ಬಂದ ಬೆವರಲ್ಲ ಅದು. ಕಿವಿಯ ತಕ್ಕಡಿ ತೊಯ್ದಾಡಿದಾಗ ದೇಹ ತನ್ನ ಬಿಸಿಯನ್ನು ಹೊರಚೆಲ್ಲುತ್ತದೆ. ತಲೆಸುತ್ತು ಬರಿಸಿ ತಣ್ಣೀರಿನಲ್ಲಿ ಕುಳ್ಳಿರಿಸಿದ ಸ್ವಯಂಸೇವಕರ ಒಳಮೈ, ತಲೆಸುತ್ತು ಇಲ್ಲದೆ ಕುಳಿತಾಗಿನದಕ್ಕಿಂತ ಬೇಗ ತಣ್ಣಗಾಗುತ್ತದೆ ಎಂಬುದೂ ಪ್ರಯೋಗಗಳಲ್ಲಿ ಸಾಬೀತಾಗಿದೆ.

ಇಂಥ ಪ್ರಶ್ನೆಗಳಿಗೆ ಕರ್ನಾಟಕದ್ದೇ ಆದ ವಿಳಾಸವೊಂದಿದೆ: ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. 1957ರಲ್ಲಿ ಸಣ್ಣ ಶಾಲೆಯಾಗಿ ಆರಂಭವಾದ ಇಲ್ಲಿ ಮನುಷ್ಯರನ್ನು ಕೂರಿಸಿ ತಿರುಗಿಸುವ ಸೆಂಟ್ರಿಫ್ಯೂಜ್ ಇದೆ. ಯುದ್ಧವಿಮಾನದ ಪೈಲಟ್‌ಗಳು ತಿರುವಿನಲ್ಲಿ ಹಲವು ಪಟ್ಟು ಭಾರ ತಾಳುವುದನ್ನು ಇಲ್ಲಿಯೇ ಕಲಿಯುತ್ತಾರೆ. ಬಿಸಿಲಿನಲ್ಲಿ ನಿಂತು ಕಾದ ಕಾಕ್‌ಪಿಟ್ಟಿನ ಸೆಕೆ ಪೈಲಟ್‌ನ ಮೈಗೆ ಏನು ಮಾಡುತ್ತದೆ ಎಂಬುದೂ ಇಲ್ಲಿನ ಅಧ್ಯಯನದ ವಿಷಯ. ಭಾರ, ಸೆಕೆ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಸೆಕೆಯಾದಾಗ ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಆ ಹೊತ್ತಿಗೇ ಭಾರ ಏರಿದರೆ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುವುದು ಬೇಗ.

1984ರ ಏಪ್ರಿಲ್ 3ರಂದು ಸೋವಿಯತ್ ನೌಕೆಯಲ್ಲಿ ಹೋದ ರಾಕೇಶ್ ಶರ್ಮಾ ಅವರ ಆಯ್ಕೆಗೂ, ಇಸ್ರೊದ ಮಾನವಸಹಿತ ಗಗನಯಾನ ಯೋಜನೆಗೆ ಆರಿಸಿದ ನಾಲ್ವರ ಆಯ್ಕೆಗೂ ವೈದ್ಯಕೀಯ ಪರೀಕ್ಷೆಗಳು ನಡೆದದ್ದು ಇದೇ ಸಂಸ್ಥೆಯಲ್ಲಿ. ಆ ನಾಲ್ವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಹಾರಿ, ಅಂತರರಾಷ್ಟ್ರೀಯ ನಿಲ್ದಾಣದಲ್ಲಿ 18 ದಿನ ಕಳೆದು, ಜುಲೈ 15ರಂದು ಮರಳಿದರು. ಯಾದಗಿರಿಯ ರೈತರು ಹೆಸರು ಬಿತ್ತುವ ಆ ಹಂಗಾಮಿನಲ್ಲೇ ಶುಕ್ಲಾ ಅಲ್ಲಿ ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು ರೂಪಿಸಿದ ಪ್ರಯೋಗವದು. ಗಗನಯಾನದ ಮೊದಲ ಮಾನವಯಾನ ಮೂರು ದಿನಗಳದ್ದೆಂದು ಇಸ್ರೊ ಯೋಜಿಸಿದೆ. ಅಷ್ಟರಲ್ಲಿ ಬರ್ಲಿನ್ ತಂಡ ಕಂಡ 1 ಡಿಗ್ರಿ ಏರಿಕೆ ಕಾಣಿಸಿಕೊಳ್ಳುವ ಸಂಭವ ಕಡಿಮೆ. ಆದರೆ 2035ರ ಹೊತ್ತಿಗೆ ನಮ್ಮದೇ ಬಾಹ್ಯಾಕಾಶ ನಿಲ್ದಾಣ ಕಟ್ಟುವ ಗುರಿ ಇಟ್ಟುಕೊಂಡಿದ್ದೇವೆ. ತಿಂಗಳುಗಟ್ಟಲೆ ಅಲ್ಲಿರುವವರ ಮೈಬಿಸಿಯ ಲೆಕ್ಕ ಆಗ ನಮ್ಮ ವೈದ್ಯರದೇ ಹೊಣೆಯಾಗಲಿದೆ.

ಗುರುಮಠಕಲ್‌ನ ಬಿಸಿಲಿಗೂ ಆಕಾಶದ ಈ ಸಂಶೋಧನೆಗೂ ಇರುವ ಅತಿ ಹತ್ತಿರದ ಕೊಂಡಿ ಒಂದು ಮಂಚ.

ಎಲ್ಲರನ್ನೂ ಬಾಹ್ಯಾಕಾಶಕ್ಕೆ ಕಳಿಸಿ ಪರೀಕ್ಷಿಸಲಾಗುವುದಿಲ್ಲ. ಅದಕ್ಕಾಗಿ ವಿಜ್ಞಾನಿಗಳು ಆರೋಗ್ಯವಂತ ಸ್ವಯಂಸೇವಕರನ್ನು, ತಲೆಯ ಕಡೆ 6 ಡಿಗ್ರಿ ತಗ್ಗಿಸಿದ ಮಂಚದ ಮೇಲೆ ವಾರಗಟ್ಟಲೆ ಮಲಗಿಸುತ್ತಾರೆ. ಊಟ, ಸ್ನಾನ, ಎಲ್ಲವೂ ಮಲಗಿದಲ್ಲೇ. ನಿಂತಾಗ ಕಾಲಿನ ಕಡೆಗೆ ಬೀಳುವ ಭಾರ ತಪ್ಪಿಹೋದರೆ ದೇಹ ಬಾಹ್ಯಾಕಾಶದಲ್ಲಿದ್ದಂತೆಯೇ ಬದಲಾಗುತ್ತದೆ: ರಕ್ತದ ದ್ರವಾಂಶ ಇಳಿಯುತ್ತದೆ, ಸ್ನಾಯು ಸೊರಗುತ್ತದೆ. ಎರಡು ವಾರ ಹೀಗೆ ಮಲಗಿ ಎದ್ದವರಿಗೆ ವ್ಯಾಯಾಮ ಮಾಡಿಸಿದಾಗ ಬೆವರು ಮೊದಲಿಗಿಂತ ತಡವಾಗಿ, ಮೈ ಹೆಚ್ಚು ಕಾದ ಮೇಲೆಯೇ ಒಡೆಯಿತು. ಚರ್ಮಕ್ಕೆ ಹರಿಯುವ ರಕ್ತವೂ ಕಡಿಮೆಯಾಗಿತ್ತು. ಅಷ್ಟೇ ಕೆಲಸಕ್ಕೆ ಅವರ ಮೈ ಹೆಚ್ಚು ಬಿಸಿಯಾಯಿತು.

ಗಟ್ಟಿಮುಟ್ಟಾದವರ ಪಾಡೇ ಹೀಗಾದರೆ, ಪಾರ್ಶ್ವವಾಯು ಹೊಡೆದೋ ಸೊಂಟ ಮುರಿದೋ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಹಿರಿಯರ ಪಾಡೇನು? ಬಿಸಿಗಾಳಿಯ ಸಾವುಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದಕ್ಕೆ ಉತ್ತರ ಹೇಳುತ್ತದೆ. ಹಾಸಿಗೆ ಹಿಡಿದವರಲ್ಲಿ ಸಾವಿನ ಸಂಭವ ಉಳಿದವರಿಗಿಂತ ಸುಮಾರು 6 ಪಟ್ಟು ಹೆಚ್ಚು. ಕಾಯಿಲೆ, ಮುಪ್ಪು, ಬಾಯಾರಿಕೆ ಹೇಳಿಕೊಳ್ಳಲಾಗದ ಸ್ಥಿತಿ ಎಲ್ಲವೂ ಇದರಲ್ಲಿ ಸೇರಿವೆ. ಬೆವರಲು ಮರೆತ ಮೈಯೂ ಅದರೊಳಗಿನ ಒಂದು ಪಾಲು.

ಈಗ ಮಾಳಿಗೆ ಮನೆಗಳು ಕಡಿಮೆಯಾಗಿ ತಗಡಿನ ಮನೆಗಳು, ಕಾಂಕ್ರೀಟ್ ಮನೆಗಳು ಎದ್ದಿವೆ. ಬೆಳಕಿಂಡಿ ಮುಚ್ಚಿಹೋಗಿದೆ. ದುಡಿಯುವ ವಯಸ್ಸಿನವರು ಬೆಂಗಳೂರು, ಹೈದರಾಬಾದು, ಪುಣೆಗಳ ಕಟ್ಟಡ ಕೆಲಸಕ್ಕೆ ಗುಳೆ ಹೋದಾಗ ತಗಡಿನ ಕೆಳಗೆ ಉಳಿಯುವವರು ಅಜ್ಜ–ಅಜ್ಜಿಯರೇ.

ಅವರಿಗಾಗಿ ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಮಧ್ಯಾಹ್ನ 12ರಿಂದ 4ರವರೆಗೆ ತಗಡಿನ ಕೆಳಗಿನ ಹಾಸಿಗೆಯನ್ನು ಗಾಳಿಯಾಡುವ ಪಡಸಾಲೆಗೋ ಬೇವಿನ ನೆರಳಿಗೋ ಸರಿಸಿ. ಗಾಳಿಯೇ 40 ಡಿಗ್ರಿ ದಾಟಿದಾಗ ಬರೀ ಫ್ಯಾನು ಬಿಸಿಯನ್ನೇ ಮೈಗೆ ತಳ್ಳುತ್ತದೆ. ಹರವಿಗೆ ಸುತ್ತುವಂತೆ ಕುತ್ತಿಗೆ, ಕಂಕುಳು, ಕೈಕಾಲಿಗೆ ಒದ್ದೆ ಬಟ್ಟೆ ಹಾಕಿ, ಆಗಾಗ ನೀರು ಚಿಮುಕಿಸಿ. ಅವರು ಕೇಳುವವರೆಗೆ ಕಾಯದೆ ನೀರು, ಮಜ್ಜಿಗೆ, ಅಂಬಲಿಯನ್ನು ಚಮಚದಲ್ಲಾದರೂ ಗಳಿಗೆಗೊಮ್ಮೆ ಕುಡಿಸಿ. ನೀರು ಮಿತಿಯಲ್ಲಿರಲಿ ಎಂದು ವೈದ್ಯರು ಹೇಳಿದ್ದರೆ ಅವರನ್ನೇ ಕೇಳಿ ಅಳತೆ ಗೊತ್ತು ಮಾಡಿಕೊಳ್ಳಿ. ಎದ್ದು ಕೂರಬಲ್ಲವರನ್ನು ದಿನಕ್ಕೆ ಕೆಲವು ಸಲ ಎಬ್ಬಿಸಿ ಕೂರಿಸಿ, ನಿಲ್ಲಬಲ್ಲವರನ್ನು ಹಿಡಿದು ನಿಲ್ಲಿಸಿ. ಕಾಲಿಗೆ ಭಾರ ಬೀಳಲಿ. ಮೈ ಕೆಂಡದಂತಿದ್ದು ಮಾತು ತೊದಲಿದರೆ, ಗುರುತು ಹಿಡಿಯದಾದರೆ, ಅದನ್ನು ಮಾಮೂಲಿ ಜ್ವರವೆಂದು ಮಾತ್ರೆ ಕೊಟ್ಟು ಮಲಗಿಸಬೇಡಿ. ಮೈಮೇಲೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಿ.